ಅಲುಗಾಡದ ತಕ್ಕಡಿ



ಮೇ ತಿಂಗಳ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಕೊಲ್ಲಾಪುರದ ಕಡೆಗೆ ಹೋಗಿ ಬಂದೆವು. ಆ ಪ್ರವಾಸದ ಸಂಗತಿಯನ್ನು ಹಿಂದಿನ ಸಂಚಿಕೆಗೇ ಬರೆದು ಕಳಿಸಬೇಕಾಗಿತ್ತು. ಬರೆಯಲು ಕೂತಾಗಲೆಲ್ಲ ಒಂದು ಮಾತು ಅಡ್ಡ ಬಂದು ಕೈ ನಿಲ್ಲುತ್ತಿತ್ತು. ಅದನ್ನು ಬಿಟ್ಟು ಬರೆದರೆ ಲೇಖನ ಸುಳ್ಳಾಗುತ್ತದೆ, ಸೇರಿಸಿ ಬರೆದರೆ ಮನೆತನದ ಮಾತು ಹೊರಗೆ ಬೀಳುತ್ತದೆ. ಎರಡು ತಿಂಗಳು ಹೀಗೆಯೇ ಕಳೆಯಿತು. ಈಗ ಪರ್ವದ ದಿನಗಳು ಹತ್ತಿರ ಬಂದಿವೆ. ಇನ್ನು ತಡ ಮಾಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇವೆ.

ಜತ್ತದಿಂದ ನಸುಕಿನಲ್ಲಿಯೇ ಹೊರಟೆವು. ನಾವು, ನಮ್ಮ ಮನೆಯವರು, ಮಗ, ಸೊಸೆ, ಎರಡು ಮೊಮ್ಮಕ್ಕಳು. ಮಿರಜ, ಜಯಸಿಂಗಪುರ ದಾಟಿ ಮೊದಲು ಕುಂಭೋಜದ ಬಾಹುಬಲಿ ಕ್ಷೇತ್ರಕ್ಕೆ ಹೋದೆವು. ಕೊಲ್ಲಾಪುರದ ಕಡೆಗೆ ಹೋದವರು ಆ ದರ್ಶನ ತಪ್ಪಿಸುವ ವಾಡಿಕೆ ನಮ್ಮಲ್ಲಿ ಇಲ್ಲ. ಗುಡ್ಡದ ಬುಡದಲ್ಲಿ 28 ಅಡಿಯ ಅಮೃತಶಿಲೆಯ ಬಾಹುಬಲಿ ಸ್ವಾಮಿಯ ಮೂರ್ತಿ ನಿಂತಿದೆ. 1963ರಲ್ಲಿ ಪ್ರತಿಷ್ಠೆಯಾದದ್ದು. ಪೂಜ್ಯ ಸಮಂತಭದ್ರ ಮಹಾರಾಜರು 1934ರಲ್ಲಿ ಅಲ್ಲಿ ಸ್ಥಾಪಿಸಿದ ಗುರುಕುಲದಲ್ಲಿ ಕಲಿತವರು ನಮ್ಮ ಸಮಾಜದಲ್ಲಿ ಎಷ್ಟೋ ಮಂದಿ ಇದ್ದಾರೆ. ಅಭಿಷೇಕ, ಪೂಜೆ ಮುಗಿಸಿ, ಅಲ್ಲಿಯೇ ಭೋಜನ ಮಾಡಿ, ನೀರನ್ನು ಸೋಸಿ ತುಂಬಿಸಿಕೊಂಡು ಮಧ್ಯಾಹ್ನ ಹೊರಟೆವು.

ಮುಂದೆ ಹೋಗಬೇಕೆಂದು ಮಕ್ಕಳು ಹಟ ಹಿಡಿದದ್ದು ಕಣೇರಿ ಮಠಕ್ಕೆ. ಕೊಲ್ಲಾಪುರದಿಂದ ಸುಮಾರು 12 ಕಿ.ಮೀ. ದೂರ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕಾಗಲದ ಕಡೆಗೆ ಹೋಗುವಾಗ ಬದಿಗೆ ತಿರುಗಬೇಕು. ಕಾಡಸಿದ್ಧೇಶ್ವರ ಪರಂಪರೆಯ ಹಳೆಯ ಮಠ ಅದು. ಅಲ್ಲಿ ಸುಮಾರು 42 ಅಡಿಯ ಶಿವನ ಮೂರ್ತಿ ಇದೆ. ಆದರೆ ಮಕ್ಕಳ ಶಾಲೆಯ ಗೆಳೆಯರು ನೋಡಿ ಬಂದು ಹೇಳಿದ್ದು ಆ ಮೂರ್ತಿಯ ಮಾತಲ್ಲ. ಮಠದ ಹತ್ತಿರ ಬಯಲಿನಲ್ಲಿ ಸಿದ್ಧಗಿರಿ ಗ್ರಾಮಜೀವನ ಸಂಗ್ರಹಾಲಯ ಎಂಬ ಮೂರ್ತಿಗಳ ತೋಟವಿದೆ. ಸುಮಾರು 7 ಎಕರೆ ಜಾಗ, 80ರಷ್ಟು ದೃಶ್ಯಗಳು, 300ರಷ್ಟು ಮೂರ್ತಿಗಳು. ಎಲ್ಲವೂ ಆಳೆತ್ತರದವು.

ಇದು ದೇವರ ಮೂರ್ತಿಗಳ ತಾಣವಲ್ಲ. ಒಕ್ಕಲಿಗ, ಕುಂಬಾರ, ಬಡಿಗ, ಕಮ್ಮಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ ಮುಂತಾದವರ ಮೂರ್ತಿಗಳು. ಒಳಗೆ ಹೋಗುವಾಗ ಮೊದಲು ಗವಿಯಂಥ ಜಾಗದಲ್ಲಿ ಹಿಂದಿನ ಋಷಿ, ವೈದ್ಯ, ಪಂಡಿತರ ಮೂರ್ತಿಗಳಿವೆ. ಅದನ್ನು ದಾಟಿ ಬಯಲಿಗೆ ಬಂದರೆ ಒಂದು ಊರೇ ಎದುರಿಗೆ ನಿಲ್ಲುತ್ತದೆ. ನೇಗಿಲು ಹೂಡಿದ ಎತ್ತುಗಳು, ಬಾವಿಯಿಂದ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವವನು, ಬೀಸುವ ಕಲ್ಲಿನ ಎದುರಿಗೆ ಕೂತ ಹೆಂಗಸರು, ಕೊಟ್ಟಿಗೆಯ ದನಗಳು, ಆಡುವ ಹುಡುಗರು. ಮುಖದ ಸುಕ್ಕು, ಕೈಯ ನರ, ಪಟಗದ ಮಡಿಕೆ ಎಲ್ಲವನ್ನೂ ಶಿಲ್ಪಿಗಳು ಬಿಡದೆ ತೋರಿಸಿದ್ದಾರೆ. ನಮ್ಮ ಸಣ್ಣ ಮೊಮ್ಮಗಳು ಒಬ್ಬ ಅಜ್ಜಿಯ ಮೂರ್ತಿಯನ್ನು ಕಂಡು ಮಾತಾಡಿಸಲು ಹೋಗಿ, ಉತ್ತರ ಬಾರದ್ದಕ್ಕೆ ತಾಯಿಯ ಸೆರಗಿನ ಹಿಂದೆ ಸೇರಿಕೊಂಡಳು.

ಇವೆಲ್ಲ ಸಿಮೆಂಟಿನ ಮೂರ್ತಿಗಳು. ಇಂಥ ಕೆಲಸದಲ್ಲಿ ಮೊದಲು ಕಬ್ಬಿಣದ ಸರಳುಗಳನ್ನು ಬಗ್ಗಿಸಿ ಅಸ್ಥಿಪಂಜರದಂತೆ ಕಟ್ಟುತ್ತಾರೆ. ಅದಕ್ಕೆ ಜಾಳಿಗೆ ಸುತ್ತಿ, ಪದರು ಪದರಾಗಿ ಗಾರೆ ಹಚ್ಚಿ, ಹಸಿ ಇರುವಾಗಲೇ ಕರಣಿಯಿಂದ ಮುಖ-ಕೈ-ಕಾಲು ತಿದ್ದುತ್ತಾರೆ. ಒಣಗಿದ ಮೇಲೆ ಬಣ್ಣ. ಶಿಲೆಯ ಮೂರ್ತಿ ಬೇರೆ ರೀತಿ. ಅಲ್ಲಿ ಬೇಡವಾದದ್ದನ್ನು ಕಡಿದು ತೆಗೆಯುತ್ತಾರೆ, ಇಲ್ಲಿ ಬೇಕಾದದ್ದನ್ನು ಹಚ್ಚುತ್ತಾ ಹೋಗುತ್ತಾರೆ. ಮುಂಜಾನೆ ಬಾಹುಬಲಿ ಸ್ವಾಮಿಯನ್ನು ನೋಡಿ ಬಂದ ನಮಗೆ ಈ ಭೇದ ಕೂಡಲೇ ಹೊಳೆಯಿತು. ಎಲ್ಲವನ್ನೂ ತ್ಯಜಿಸಿ ನಿಂತವರದು ಕಡಿದು ತೆಗೆದ ಮೂರ್ತಿ. ನಮ್ಮಂಥ ಸಂಸಾರಿಗಳದು ಹಚ್ಚಿ ಹಚ್ಚಿ ಕಟ್ಟಿದ್ದು.

ಆ ಊರಿನ ಬೆನ್ನೆಲುಬು 12 ಮಂದಿ ಬಲುತೇದಾರರು. ನಮ್ಮ ಕನ್ನಡದಲ್ಲಿ ಆಯಗಾರರು ಎನ್ನುತ್ತೇವೆ. ಈಗಿನ ಮಕ್ಕಳಿಗೆ ಈ ಪದ್ಧತಿ ಗೊತ್ತಿಲ್ಲ, ಆದ್ದರಿಂದ ನಾಲ್ಕು ಮಾತು ಹೇಳುತ್ತೇವೆ. ಕಮ್ಮಾರನು ವರ್ಷವಿಡೀ ಕುಡ, ಕುಡುಗೋಲು ಮಾಡಿ ಕೊಡುತ್ತಿದ್ದ. ಬಡಿಗನು ಕೂರಿಗೆ, ನೇಗಿಲು, ಬಂಡಿ ದುರಸ್ತಿ ಮಾಡುತ್ತಿದ್ದ. ಕೆಲಸಕ್ಕೆ ಅಲ್ಲಿಯೇ ರೊಕ್ಕ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಪಾಲಿನ ಕಾಳು ಪಡೆಯುತ್ತಿದ್ದರು. ಅದು ಆಯ. ಬೆಳೆ ಬಂದರೆ ಎಲ್ಲರಿಗೂ ಬಂತು, ಹೋದರೆ ಎಲ್ಲರಿಗೂ ಹೋಯಿತು. ಗಾಂಧೀಜಿಯವರು ಹೇಳುತ್ತಿದ್ದ ಗ್ರಾಮ ಸ್ವರಾಜ್ಯವನ್ನು, ತನ್ನ ಕಾಲ ಮೇಲೆ ತಾನು ನಿಂತ ಊರನ್ನು, ಮಕ್ಕಳ ಕಣ್ಣಿಗೆ ಕಟ್ಟಬೇಕೆಂಬುದು ಈ ತೋಟ ಮಾಡಿದವರ ಆಶಯ. ಆ ಆಶಯ ಈಡೇರಿದೆ ಎಂದು ಮನಸಾರೆ ಹೇಳುತ್ತೇವೆ. ಬೇರೆ ಧರ್ಮದ ಮಠದವರು ಇಷ್ಟು ಶ್ರಮಪಟ್ಟು ಕಟ್ಟಿದ್ದನ್ನು ನಮ್ಮ ಸಮಾಜದವರೂ ಹೋಗಿ ನೋಡಿ ಕಲಿಯಬೇಕು.

ಹಿರಿಯ ಮೊಮ್ಮಗನಿಗೆ 11 ವರ್ಷ. ಇಂಗ್ಲಿಷ್ ಶಾಲೆ. ಒಂದೊಂದು ಮೂರ್ತಿಯ ಮುಂದೆಯೂ ಅವನ ಪ್ರಶ್ನೆ ಒಂದೇ.

"ಅಜ್ಜಾ, ಇದರಾಗ ನಾವ್ಯಾರು?"

ಬಲುತೇದಾರರ ಯಾದಿಯಲ್ಲಿ ನಾವು ಇಲ್ಲ. ಹನ್ನೆರಡು ಮಂದಿಯಲ್ಲಿ ವಾಣಿ ಬರುವುದಿಲ್ಲ. ಹೀಗೆಂದು ಹೇಳಿದರೆ ಹುಡುಗನ ಮುಖ ಸಣ್ಣದಾಯಿತು. ಇನ್ನು ಸ್ವಲ್ಪ ಮುಂದೆ ಹೋದಾಗ ಅಂಗಡಿ ಕಂಡಿತು. ಮುಂದೆ ಕಾಳು-ಕಡಿ, ಕೂತ ಅಂಗಡಿಕಾರ, ತಕ್ಕಡಿ.

"ಇಂವಾ ನಮ್ಮಂವಾ!" ಎಂದು ಓಡಿದ. ನಮಗೂ ಸಂತೋಷವಾಯಿತು. 40 ವರ್ಷಕ್ಕಿಂತ ಹೆಚ್ಚು ಕಾಲ ಗಲ್ಲೆಯ ಮೇಲೆ ಕೂತವರಿಗೆ ತಮ್ಮಂಥವನನ್ನು ಮೂರ್ತಿಯಾಗಿ ನೋಡುವ ಯೋಗ ಎಷ್ಟು ಸಲ ಬಂದೀತು? ಹುಡುಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ತಕ್ಕಡಿಯನ್ನೇ ನೋಡುತ್ತ ನಿಂತ.

"ಅಜ್ಜಾ, ಇಂವಾ ಬರೋಬ್ಬರಿ ತೂಗತಾನೇನು?"

ಮಗ ನಕ್ಕು, "ಅದು ಅಲುಗಾಡೂದೇ ಇಲ್ಲಲ್ಲೋ, ಮೋಸ ಹ್ಯಾಂಗ ಮಾಡತಾನ?" ಎಂದ.

ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ಅಲ್ಲಿಯೇ ಒಂದು ಕಟ್ಟೆಯ ಮೇಲೆ ಕೂತೆವು. ಮೊಣಕಾಲು ನೋವೆಂದು ಮನೆಯವರು ತಿಳಿದರು. ಇರಲೆಂದು ನಾವೂ ಸುಮ್ಮನಾದೆವು.

ಆಯಗಾರನಿಗೂ ಒಕ್ಕಲಿಗನಿಗೂ ನಡುವೆ ಇದ್ದದ್ದು ಪಾಲು. ಅದು ರೂಢಿಯಿಂದ ನಿಂತದ್ದು, ಕಣದಲ್ಲಿ ನಾಲ್ಕು ಮಂದಿಯ ಎದುರಿಗೆ ಕೊಡುವಂಥದ್ದು. ನಮಗೂ ಊರಿಗೂ ನಡುವೆ ಇದ್ದದ್ದು ಪಾಲಲ್ಲ, ಅಳತೆ. ಒಂದು ತಕ್ಕಡಿ, ಒಂದು ಶೇರು. ಅದು ಸರಿ ಇದ್ದರೆ ನಾವು ಆ ಊರಿನವರು. ಅದು ತಪ್ಪಿದರೆ ಎಷ್ಟು ತಲೆಮಾರು ಅಲ್ಲಿ ಬಾಳಿದರೂ ಹೊರಗಿನವರೇ. ಕಟ್ಟೆಯ ಮೇಲೆ ಕೂತು ಇದನ್ನು ಯೋಚಿಸುವಾಗ ನಮ್ಮ ಕಣ್ಣೆದುರಿಗೆ ಇದ್ದದ್ದು ಆ ತೋಟದ ಅಂಗಡಿಯಲ್ಲ. ಜತ್ತ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ತೀರ್ಥರೂಪರು ನಡೆಸುತ್ತಿದ್ದ ಅಂಗಡಿ.

1972ರ ಬರವನ್ನು ನಮ್ಮ ಓರಗೆಯವರು ಮರೆಯಲಾರರು. ಬಾವಿ ಒಣಗಿ, ದನಗಳನ್ನು ಬಂದ ಬೆಲೆಗೆ ಮಾರಿ, ಇಡೀ ಹಳ್ಳಿಗೆ ಹಳ್ಳಿಯೇ ಖಡಿ ಒಡೆಯುವ ಸರಕಾರಿ ಕಾಮಗಾರಿಗೆ ಹೋಯಿತು. ಪರದೇಶದಿಂದ ಬಂದ ಕೆಂಪು ಜೋಳ, ಮಿಲೊ ಎನ್ನುತ್ತಿದ್ದರು, ಅದನ್ನು ಜನ ತಿಂದರು. ಕಾಮಗಾರಿಯ ಮೇಲೆ ಸುಕಡಿ ಹಂಚುತ್ತಿದ್ದರು. ನಮಗಾಗ 12 ವರ್ಷ. ಶಾಲೆ ಬಿಟ್ಟ ಮೇಲೆ ಸಂಜೆ ಅಂಗಡಿಯಲ್ಲಿ ಕೂತು ಕಾಳು ಅಳೆಯುವುದು ನಮ್ಮ ಕೆಲಸ. ಕಾಯದೆಯಲ್ಲಿ ಕಿಲೋ ಬಂದು ಹತ್ತು ವರ್ಷ ದಾಟಿದ್ದರೂ ಹಳ್ಳಿಯ ಜನ ಶೇರಿನ ಲೆಕ್ಕದಲ್ಲಿಯೇ ಜೋಳ ಕೇಳುತ್ತಿದ್ದರು.

ನಮ್ಮ ಅಂಗಡಿಯಲ್ಲಿ ಎರಡು ಶೇರು ಇದ್ದವು. ಹೊರಗಿನಿಂದ ನೋಡಿದರೆ ಅವಳಿ-ಜವಳಿ. ಒಂದು, ಒಕ್ಕಲಿಗರಿಂದ ಕಾಳು ಕೊಳ್ಳುವ ಶೇರು. ಇನ್ನೊಂದು, ಗಿರಾಕಿಗೆ ಕೊಡುವ ಶೇರು. ಎರಡನೆಯದರ ತಳದಲ್ಲಿ ಒಳಗಡೆ ಅರಗು ಹೊಯ್ದಿತ್ತು. ಯಾವುದು ಯಾವುದಕ್ಕೆ ಎಂದು ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ವ್ಯಾಪಾರಿಯ ಮನೆಯ ಹುಡುಗ ನೋಡಿ ಕಲಿಯುತ್ತಾನೆ.

ಒಂದು ಸಂಜೆ ಊರ ಹೊರಗಿನ ಕೇರಿಯ ಒಬ್ಬ ಹೆಂಗಸು ಬಂದಳು. ಖಡಿ ಒಡೆದು ಕೈಯೆಲ್ಲ ಗಾಯ. ಆ ಕೇರಿಯವರು ನಮ್ಮ ಅಂಗಡಿಯ ಕಟ್ಟೆ ಹತ್ತುತ್ತಿರಲಿಲ್ಲ. ಕೆಳಗೆ ನಿಂತು ಸೆರಗು ಒಡ್ಡಬೇಕು, ರೊಕ್ಕವನ್ನು ಕಟ್ಟೆಯ ಮೇಲೆ ಇಡಬೇಕು. ನಾವು ಎರಡು ಶೇರು ಜೋಳ ಅಳೆದು ಸೆರಗಿಗೆ ಸುರಿದೆವು. ಆಕೆ ಗಂಟು ಕಟ್ಟಿಕೊಳ್ಳುತ್ತ ಸಮಾಧಾನದಿಂದಲೇ ಹೇಳಿದ ಮಾತು ಇದು.

"ನಿಮ್ಮ ಶೇರು ಸಣ್ಣದೈತಿ ಅಂತ ನನಗ ಗೊತ್ತೈತಿ, ಸಣ್ಣ ಸಾವ್ಕಾರ. ಬ್ಯಾರೆ ಅಂಗಡಿ ಇಲ್ಲ, ಅದಕ್ಕ ಬರತೇನಿ."

ಸಿಟ್ಟು ಮಾಡಿದ್ದರೆ, ಜಗಳ ತೆಗೆದಿದ್ದರೆ ನಾವು ಮರೆತುಬಿಡುತ್ತಿದ್ದೆವೋ ಏನೋ. ಆ ಮಾತನ್ನು ತೀರ್ಥರೂಪರಿಗೆ ಹೇಳಲಿಲ್ಲ. ಮರುದಿನ ಮತ್ತೆ ಅದೇ ಶೇರಿನಿಂದ ಅಳೆದೆವು. ಇದು ತೀರ್ಥರೂಪರದೊಂದೇ ತಪ್ಪಲ್ಲ ಎಂದು ಹೇಳಲಿಕ್ಕೆ ಈ ವಾಕ್ಯ ಬರೆದೆವು.

ಅವರನ್ನು ಸಣ್ಣವರನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ನಿತ್ಯ ದೇವದರ್ಶನ ತಪ್ಪಿಸಿದವರಲ್ಲ, ರಾತ್ರಿ ಒಂದು ಗುಟುಕು ನೀರು ಕುಡಿದವರಲ್ಲ. ಅಷ್ಟಮಿ-ಚತುರ್ದಶಿಗೆ ಉಪವಾಸ. ಇರುವೆ ಕಂಡರೆ ಸುತ್ತಿಕೊಂಡು ಹೋಗುವ ನಡಿಗೆ. ಅದೇ ಬರದಲ್ಲಿ ಎಷ್ಟೋ ಮನೆಗಳಿಗೆ ಉದ್ರಿ ಕೊಟ್ಟರು, ಎಷ್ಟೋ ಉದ್ರಿ ಮುಳುಗಿಹೋಯಿತು, ಯಾರ ಮನೆಯ ಮುಂದೆಯೂ ಹೋಗಿ ನಿಲ್ಲಲಿಲ್ಲ. ಅಂಥವರ ಅಂಗಡಿಯಲ್ಲಿಯೂ ಅರಗಿನ ಶೇರು ಇತ್ತು. ಎರಡೂ ಖರೆ.

ಕಣೇರಿಯ ಆ ತೋಟದಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಬರ ಇಲ್ಲ, ಸಾಲದ ಪತ್ರ ಇಲ್ಲ. ಅಂಗಡಿಯ ಕಟ್ಟೆಯ ಕೆಳಗೆ ದೂರ ನಿಂತವರು ನಮ್ಮ ಕಣ್ಣಿಗೆ ಬೀಳಲಿಲ್ಲ. ಎಲ್ಲರೂ ಉಂಡವರ ಹಾಗೆ ತೃಪ್ತಿಯಿಂದ ಇದ್ದಾರೆ. ಇದನ್ನು ಶಿಲ್ಪಿಗಳ ತಪ್ಪೆಂದು ಹೇಳುತ್ತಿಲ್ಲ. ಒಳ್ಳೆಯದನ್ನು ತೋರಿಸಿ ಮಕ್ಕಳಲ್ಲಿ ಪ್ರೀತಿ ಹುಟ್ಟಿಸಬೇಕೆಂದು ಅವರು ಮಾಡಿದ್ದಾರೆ. ಉಳಿದದ್ದನ್ನು ಹೇಳುವ ಕೆಲಸ ಜೊತೆಗೆ ಬಂದ ಅಜ್ಜಂದಿರದು. ನಮ್ಮ ಧರ್ಮದಲ್ಲಿ ಅದಕ್ಕೆ ಹೆಸರೇ ಇದೆ, ಪ್ರತಿಕ್ರಮಣ. ಆದ ದೋಷವನ್ನು ತಾನಾಗಿಯೇ ನೆನೆದು, ಒಪ್ಪಿಕೊಂಡು, ಹಿಂದಕ್ಕೆ ಬರುವುದು. ಸಾಮಾಯಿಕಕ್ಕೆ ಕೂತು ಕಣ್ಣು ಮುಚ್ಚಿ ನೂರು ಸಲ ಮಾಡಿದ್ದೇವೆ. ಆದರೆ ಮೊಮ್ಮಗನ ಕಣ್ಣಿಗೆ ಕಣ್ಣು ಕೊಟ್ಟು ಒಮ್ಮೆಯೂ ಮಾಡಿರಲಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಮುಂಜಾನೆ ನಾವು ದರ್ಶನ ಮಾಡಿದ ಅದೇ ಕುಂಭೋಜದಲ್ಲಿ 1887ರಲ್ಲಿ ಒಂದು ಜೈನ ಮನೆತನದಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು ಹುಟ್ಟಿದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹ ತೆರೆದರು. 1927ರಲ್ಲಿ ಗಾಂಧೀಜಿಯವರೇ ಅಲ್ಲಿಗೆ ಬಂದರು. ಅದಾಗಿ 45 ವರ್ಷಗಳ ಮೇಲೆಯೂ ನಮ್ಮ ಅಂಗಡಿಯ ಕಟ್ಟೆಯ ಕೆಳಗೆ ಒಬ್ಬ ಹೆಂಗಸು ಸೆರಗೊಡ್ಡಿ ನಿಂತಿದ್ದಳು. ಕಾಲ ಹಾಗಿತ್ತು ಎಂದು ಹೇಳಿ ಪಾರಾಗುವ ಹಾದಿಯನ್ನು ನಮ್ಮ ಸಮಾಜದ ಒಬ್ಬ ಪುಣ್ಯಾತ್ಮನೇ ಮುಚ್ಚಿ ಹೋಗಿದ್ದಾರೆ.

ಸೂರ್ಯಾಸ್ತದ ಮೊದಲು ಬುತ್ತಿ ಬಿಚ್ಚಿ ಊಟ ಮುಗಿಸಿ ಊರ ಹಾದಿ ಹಿಡಿದೆವು. ಹಾದಿಯಲ್ಲಿ ನಾವು ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ಪೂಜೆ ಮುಗಿದ ಮೇಲೆ ಅಟ್ಟದ ಮೇಲಿನ ಒಂದು ಹಳೆಯ ಟ್ರಂಕನ್ನು ಇಳಿಸಿದೆವು. 1991ರಲ್ಲಿ ತೀರ್ಥರೂಪರು ತೀರಿಕೊಂಡ ಮೇಲೆ ಹಳ್ಳಿಯ ಅಂಗಡಿ ಖಾಲಿ ಮಾಡುವಾಗ ಆ ಎರಡು ಶೇರುಗಳು ಸಿಕ್ಕಿದ್ದವು. ಬಾವಿಗೆ ಒಗೆದುಬಿಡು ಎಂದು ನಮ್ಮ ಅಣ್ಣನವರು ಅಂದಿದ್ದರು. ಒಗೆಯಲು ಕೈ ಬರಲಿಲ್ಲ, ಯಾರಿಗೂ ತೋರಿಸಲು ಬಾಯಿ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆವು. ಜತ್ತದ ನಮ್ಮ ಅಂಗಡಿಯಲ್ಲಿ ಅವನ್ನು ಎಂದೂ ಬಳಸಲಿಲ್ಲ.

ಮೊಮ್ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಎರಡೂ ಶೇರು ಮುಂದಿಟ್ಟು, "ಇವುಗಳಲ್ಲಿ ಯಾವುದು ಖರೆ, ಯಾವುದು ಖೊಟ್ಟಿ, ನೀನೇ ಹುಡುಕು" ಎಂದೆವು. ಹೊರಗಿನಿಂದ ನೋಡಿದ, ಗೊತ್ತಾಗಲಿಲ್ಲ. ಒಳಗೆ ಕೈ ಹಾಕಿದ. ತಕ್ಷಣ ಮುಖ ಎತ್ತಿದ. ಎರಡರಲ್ಲೂ ಜೋಳ ತುಂಬಿ, ಮೇಲೆ ಸಪಾಟು ಎಳೆದು, ಇಲೆಕ್ಟ್ರಾನಿಕ್ ಕಾಟಾದ ಮೇಲೆ ತೂಗಿಸಿದೆವು. ಒಂದು 910 ಗ್ರಾಂ, ಇನ್ನೊಂದು 825 ಗ್ರಾಂ. ಹುಡುಗ ಕಾಗದ ತೆಗೆದುಕೊಂಡು ಲೆಕ್ಕ ಮಾಡಿದ. ಬೇಡವೆನ್ನೋಣವೆಂದು ಒಂದು ಗಳಿಗೆ ಅನ್ನಿಸಿತು, ಅನ್ನಲಿಲ್ಲ.

"ಒಂದು ಶೇರಿಗೆ 85 ಗ್ರಾಂ ಕಡಿಮಿ. ಹನ್ನೊಂದು ಶೇರು ಒಯ್ದರ ಒಂದು ಶೇರು ಹೋತು. ದಿನಾ ಎರಡು ಶೇರು ಒಯ್ಯವರಿಗೆ ಆರು ದಿನದಾಗ ಒಂದು ಶೇರು ಹೋತು. ಅಂದ್ರ ಅರ್ಧಾ ದಿನದ ಊಟ ಹೋತಲ್ಲ ಅಜ್ಜಾ?"

ಹೋತು ಎಂದೆವು. ತೀರ್ಥರೂಪರು ಅಷ್ಟಮಿ-ಚತುರ್ದಶಿಗೆ ತಮ್ಮ ಇಚ್ಛೆಯಿಂದ ಉಪವಾಸ ಮಾಡುತ್ತಿದ್ದರು. ಆ ಮನೆಯವರು ನಮ್ಮ ಶೇರಿನಿಂದಾಗಿ ಮಾಡಿದರು. 50 ವರ್ಷ ಈ ಲೆಕ್ಕ ನಮಗೆ ಹೊಳೆಯಲಿಲ್ಲ ಎಂದಲ್ಲ. ಮಾಡಲಿಲ್ಲ.

ಮಗನಿಗೆ ಇದು ಸರಿ ಬರಲಿಲ್ಲ. "ಅಪ್ಪಾ, ಹುಡುಗಗ ಹೇಳಿದ್ದು ಸಾಕು. ಪತ್ರಿಕೆಯೊಳಗ ಯಾಕ ಬರೀತೀರಿ? ಅಜ್ಜನ ಹೆಸರು ನಾಲ್ಕು ಊರಾಗ ಐತಿ" ಎಂದ. ಅವನ ಮಾತಿನಲ್ಲಿ ತಥ್ಯವಿಲ್ಲವೆಂದು ಹೇಳಲಾರೆವು. ತೀರ್ಥರೂಪರು ಉತ್ತರ ಕೊಡಲು ಈಗ ಇಲ್ಲ. ನಮ್ಮ ಮನೆಯವರು ಮಾತ್ರ ಒಂದೇ ಮಾತು ಹೇಳಿದರು. "ಬಸದಿಯ ಗೋಡೆಯ ಮ್ಯಾಲೆ ಮಾವನವರ ಹೆಸರು ಕೆತ್ತಿಸಿದಾಗ ಯಾರೂ ಬ್ಯಾಡ ಅನಲಿಲ್ಲ. ಇದನ್ನೂ ಬರೀರಿ." ಅದೇ ನಮಗೆ ಸರಿ ಕಂಡಿತು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಹತ್ತು ಅಧ್ಯಾಯಗಳು. ದಶಲಕ್ಷಣ ಪರ್ವದ ಹತ್ತು ದಿನ ದಿನಕ್ಕೊಂದರಂತೆ ಓದುವ ವಾಡಿಕೆ ನಮ್ಮ ಬಸದಿಗಳಲ್ಲಿ ಇದೆ. ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳೂ ಅವುಗಳ ಅತಿಚಾರಗಳೂ ಬರುತ್ತವೆ. ಅಚೌರ್ಯ ವ್ರತಕ್ಕೆ ಐದು ಅತಿಚಾರಗಳು. ಕಳ್ಳನಿಗೆ ಪ್ರೇರಣೆ ಕೊಡುವುದು, ಕಳುವಿನ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಅಳತೆ-ತೂಕದಲ್ಲಿ ಹೆಚ್ಚು-ಕಡಿಮೆ ಮಾಡುವುದು, ಒಳ್ಳೆಯ ಮಾಲಿನಲ್ಲಿ ಕೀಳು ಮಾಲು ಬೆರೆಸುವುದು. ಐದನ್ನೂ ನೋಡಿದರೆ ಇದು ಅರಣ್ಯದ ಮುನಿಗಳಿಗೆ ಹೇಳಿದ್ದಲ್ಲ, ಪೇಟೆಯ ನಮಗೇ ಹೇಳಿದ್ದೆಂದು ತಿಳಿಯುತ್ತದೆ. ಇದನ್ನು ಪ್ರತಿ ವರ್ಷ ಕೈಮುಗಿದು ಕೇಳಿದ್ದೇವೆ. ಕೇಳಿ ಮನೆಗೆ ಬಂದು ಪಾರಣೆ ಮಾಡಿದ್ದೇವೆ.

ಈಗ ಅರಗಿನ ಶೇರು ಎಲ್ಲಿದೆ ಎಂದು ಕೆಲವರು ಕೇಳಬಹುದು. ಪಾಕೀಟಿನ ಮಾಲು, ಇಲೆಕ್ಟ್ರಾನಿಕ್ ಕಾಟಾ, ವರ್ಷಕ್ಕೊಮ್ಮೆ ಸರಕಾರದ ಮುದ್ರೆ. 2009ರ ಕಾಯದೆಯೂ ಇದೆ. ಆದರೆ ಮಿಠಾಯಿಯ ಜೊತೆ ರಟ್ಟಿನ ಡಬ್ಬಿಯನ್ನೂ ತೂಗುವುದಿಲ್ಲವೇ? ಹೊಸ ಬೇಳೆಯ ಚೀಲದಲ್ಲಿ ಹಳೆಯದು ಬೆರೆಯುವುದಿಲ್ಲವೇ? ಅಡತಿ ಅಂಗಡಿಯಲ್ಲಿ ಒಕ್ಕಲಿಗನ ಚೀಲಕ್ಕೆ ಇಷ್ಟು ಕಾಳು ತೂಟು ಎಂದು ಮುರಿಯುವುದಿಲ್ಲವೇ? ಪ್ರತಿಯೊಬ್ಬರೂ ತಮ್ಮ ಅಂಗಡಿಯ ತಳದಲ್ಲಿ ಒಮ್ಮೆ ಕೈ ಹಾಕಿ ನೋಡಬೇಕು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ಒಮ್ಮೆ ಆ ಹಳ್ಳಿಗೆ ಹೋಗಿ ಬಂದೆವು, ಮೊಮ್ಮಗನ ಜೊತೆಗೆ. ನಮ್ಮ ಹಳೆಯ ಅಂಗಡಿಯಲ್ಲಿ ಈಗ ಮೊಬೈಲ್ ದುರಸ್ತಿ ನಡೆಯುತ್ತದೆ. ಕಟ್ಟೆ ಒಡೆದಿದ್ದಾರೆ, ಎಲ್ಲರೂ ಸೀದಾ ಒಳಗೆ ಹೋಗುತ್ತಾರೆ. ಅದನ್ನು ನೋಡಿ ಒಂದು ಸಮಾಧಾನವಾಯಿತು. ಆ ಕೇರಿಯಲ್ಲಿ ಆಕೆಯ ಗುರುತು ಹೇಳುವವರು ಯಾರೂ ಸಿಗಲಿಲ್ಲ. ನಮಗೂ ಹೆಸರು ಗೊತ್ತಿರಲಿಲ್ಲ. ಎಷ್ಟೋ ಸಲ ಅಳೆದು ಕೊಟ್ಟಿದ್ದೆವು, ಹೆಸರು ಕೇಳಿರಲಿಲ್ಲ. ಒಬ್ಬ ವೃದ್ಧರು ನಮ್ಮ ಮಾತು ಪೂರ್ತಿ ಕೇಳಿ, "ಆಗ ಯಾರ ಅಂಗಡ್ಯಾಗ ಬರೋಬ್ಬರಿ ಇತ್ತು ಸಾವ್ಕಾರ? ನೀವು ಬಂದು ಹೇಳಿದ್ರಿ, ಅಷ್ಟಾತು" ಎಂದರು. ಅವರು ದೊಡ್ಡ ಮನಸ್ಸಿನಿಂದ ಹೇಳಿದರು. ಅಷ್ಟಕ್ಕೇ ಮುಗಿಯಿತೆಂದು ನಾವು ತಿಳಿಯಬಾರದು.

ಯಾರಿಗೆ ಕೊಡಬೇಕಾಗಿತ್ತೋ ಅವರು ಸಿಗದಿದ್ದಾಗ ಏನು ಮಾಡುವುದು? ಸಂಘಕ್ಕೋ ಸಂಸ್ಥೆಗೋ ದಾನ ಕೊಟ್ಟು ಹೆಸರು ಬರೆಸಿಕೊಳ್ಳುವುದು ಸುಲಭ. ಆದರೆ ಇದು ದಾನವಲ್ಲ, ಬಾಕಿ. ಬಾಕಿಗೆ ಫಲಕ ಇರುವುದಿಲ್ಲ. ಈ ಸಲ ದೀಪಾವಳಿಗೆ, ಮಹಾವೀರ ಸ್ವಾಮಿಯ ನಿರ್ವಾಣೋತ್ಸವದ ದಿನ ಹೊಸ ವಹಿ ಪೂಜೆ ಮಾಡುವಾಗ, ಮೊದಲ ಪುಟದಲ್ಲಿ ಶ್ರೀಕಾರದ ಕೆಳಗೆ ಒಂದು ಖಾತೆ ತೆರೆಯುತ್ತೇವೆ. ಹೆಸರು "ಊರಿನ ಬಾಕಿ". ಪ್ರತಿ ತಿಂಗಳು ಅಂಗಡಿಯ ಲಾಭದಿಂದ ಇಷ್ಟೆಂದು ತೆಗೆದು, ಆ ಹಳ್ಳಿಯ ಆ ಕೇರಿಯ ಮಕ್ಕಳ ಓದಿಗೆ ಹೋಗಬೇಕು. ನಾವು ಹೋದ ಮೇಲೂ ಖಾತೆ ನಡೆಸುವುದಾಗಿ ಮಗ ಒಪ್ಪಿಕೊಂಡಿದ್ದಾನೆ. ಲೇಖನದ ವಿಷಯದಲ್ಲಿ ಮಾತ್ರ ಇನ್ನೂ ಮುನಿಸಿದೆ. ಇರಲಿ, ಕ್ಷಮಾವಣಿಯ ದಿನ ಅವನ ಕ್ಷಮೆಯನ್ನೂ ಕೇಳುತ್ತೇವೆ.

ಅರಗಿನ ಶೇರನ್ನು ಒಡೆಯಲಿಲ್ಲ, ಒಗೆಯಲೂ ಇಲ್ಲ. ಅಂಗಡಿಯಲ್ಲಿ ಕಾಟಾದ ಪಕ್ಕದಲ್ಲಿ ಗಿರಾಕಿಗೆ ಕಾಣುವಂತೆ ಇಟ್ಟಿದ್ದೇವೆ. ಏನಿದು ಎಂದು ಕೇಳಿದವರಿಗೆ ಹೇಳುತ್ತೇವೆ. ಕೆಲವರು ನಗುತ್ತಾರೆ, ಕೆಲವರು ಸುಮ್ಮನಾಗಿ ಕಾಟಾದ ಅಂಕಿಯನ್ನು ಇನ್ನೊಮ್ಮೆ ನೋಡುತ್ತಾರೆ. ನೋಡಲಿ.

ವಾಚಕರಲ್ಲಿ ವಿನಂತಿ. ಕೊಲ್ಲಾಪುರದ ಕಡೆಗೆ ಹೋದರೆ ಬಾಹುಬಲಿಯ ದರ್ಶನ ಮುಗಿಸಿಕೊಂಡು ಕಣೇರಿಗೂ ಹೋಗಿರಿ. ಬಯಲು ಜಾಗ, ನಡೆಯುವುದು ಬಹಳ, ಬಿಸಿಲಿರುತ್ತದೆ. ವಯಸ್ಸಾದವರು ಚಳಿಗಾಲದಲ್ಲಿ ಹೋಗುವುದು ಒಳ್ಳೆಯದು. ಸೂರ್ಯಾಸ್ತದ ಊಟಕ್ಕೆ ಬುತ್ತಿ, ಸೋಸಿದ ನೀರು ಜೊತೆಗಿರಲಿ. ಮಕ್ಕಳನ್ನು ಅವಸರ ಮಾಡಬೇಡಿರಿ, ಒಂದೊಂದು ಮೂರ್ತಿಯ ಮುಂದೆಯೂ ನಿಲ್ಲಗೊಡಿರಿ. ಅಂಗಡಿಯ ಮುಂದೆ ಬಂದಾಗ ನೀವೂ ಸ್ವಲ್ಪ ನಿಲ್ಲಿರಿ.

ಆ ಸಿಮೆಂಟಿನ ಅಂಗಡಿಕಾರನ ತಕ್ಕಡಿ ಅಲುಗಾಡುವುದಿಲ್ಲ. ಅವನು ಯಾರಿಗೂ ಕಡಿಮೆ ಕೊಟ್ಟವನಲ್ಲ, ಕೊಟ್ಟ ಕಡಿಮೆಯನ್ನು ತುಂಬಿಕೊಡುವ ಭಾಗ್ಯವೂ ಅವನಿಗಿಲ್ಲ. ನಮ್ಮ ತಕ್ಕಡಿ ಇನ್ನೂ ಅಲುಗಾಡುತ್ತಿದೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ಪರ್ವ ಎಲ್ಲರಿಗೂ ಮಂಗಲಕರವಾಗಲಿ. ನಮ್ಮಿಂದ ಅರಿತೋ ಅರಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಇರಲಿ. ಅರಿತು ಆದದ್ದಕ್ಕೆ ಮೊದಲು.

ಜಯ ಜಿನೇಂದ್ರ.